ಸೊನ್ನೆ ನೀರು

ಊರಿಗೆ ಒಂದು ಸೊನ್ನೆ ಬೇಕಾಗಿತ್ತು. ಆ ಸೊನ್ನೆಯನ್ನು ಪ್ರತಿ ಸೋಮವಾರ ಮುಂಜಾನೆ ಕಸ್ತೂರಿ ತನ್ನ ಮನೆಯ ಹಿತ್ತಲಿನಿಂದ ಸ್ಟೀಲ್ ಬಾಟಲಿಯಲ್ಲಿ ತುಂಬಿಕೊಂಡು ಆಫೀಸಿಗೆ ಒಯ್ಯುತ್ತಿದ್ದಳು.

ಹುಬ್ಬಳ್ಳಿಯ ಚರಂಡಿ ನಿಗಾ ಕೇಂದ್ರದಲ್ಲಿ ಅವಳದು ಹಿರಿಯ ಪರೀಕ್ಷಕಿಯ ಕೆಲಸ. ಯುದ್ಧದ ಕಾಯ್ದೆ ಬಂದ ವರ್ಷವೇ ಆ ಕೇಂದ್ರವೂ ಬಂದದ್ದು. ಕಾಯ್ದೆಗೆ ಸರಕಾರ ಇಟ್ಟ ಹೆಸರು ಎರಡು ಸಾಲು ಉದ್ದವಿತ್ತು, ಯಾರ ಬಾಯಲ್ಲೂ ನಿಲ್ಲುತ್ತಿರಲಿಲ್ಲ; ಜನರಿಗೆ ಅದು ಯುದ್ಧದ ಕಾಯ್ದೆ. ಅಫೀಮಿನ ಗುಣವಿದ್ದೂ ಅಫೀಮಿನ ಗಿಡವನ್ನೇ ಕಾಣದ, ಕಾರ್ಖಾನೆಯಲ್ಲಿ ಹುಟ್ಟುವ ಬಿಳಿ ಪುಡಿಯೊಂದು ಆ ಹೊತ್ತಿಗೆ ಊರೂರಿಗೂ ನುಗ್ಗಿತ್ತು. ನೋಡಲು ಚಿರೋಟಿ ರವೆಯ ಹಾಗಿದ್ದುದರಿಂದ ಜನ ಅದನ್ನು ರವೆ ಎಂದೇ ಕರೆದರು. ಉಗುರಿನ ತುದಿಗೆ ಹತ್ತುವಷ್ಟು ಸಾಕು, ಎಂಥ ಗಟ್ಟಿ ಆಳೂ ಉಸಿರಾಡುವುದನ್ನು ಮರೆತುಬಿಡುತ್ತಿದ್ದ. ಒಂದೇ ಬೇಸಿಗೆಯಲ್ಲಿ ಮಗ್ಗದ ಓಣಿಯೊಂದರಲ್ಲೇ ಹತ್ತೊಂಬತ್ತು ಹೆಣ ಬಿದ್ದವು. ಆಮೇಲೆ ಕಾಯ್ದೆ ಬಂತು. ರವೆಯನ್ನು ದೇಶದ ಮೇಲೆ ಹೂಡಿದ ಅಸ್ತ್ರ ಎಂದು ಅದರ ಮೊದಲ ಕಲಮೇ ಹೇಳಿತು. ಇಟ್ಟುಕೊಂಡವರು ಶತ್ರುವಿನ ಕಡೆಯವರು, ಗೊತ್ತಿದ್ದೂ ಹೇಳದವರು ಅವರ ಜೊತೆಗಾರರು. ಜಾಮೀನಿಲ್ಲ, ಮನೆಗೆ ಬೀಗಮುದ್ರೆ. ಕಸ್ತೂರಿ ಆ ಕಾಯ್ದೆಯ ಮೇಲೆ ಪ್ರಮಾಣ ಮಾಡಿ ಕೆಲಸಕ್ಕೆ ಸೇರಿದವಳು, ಮನಸ್ಸಿಟ್ಟೇ ಮಾಡಿದ್ದಳು. ಮಗ್ಗದ ಓಣಿಯ ಹತ್ತೊಂಬತ್ತರಲ್ಲಿ ಇಬ್ಬರು ಅವಳ ಜೊತೆ ಶಾಲೆಯಲ್ಲಿ ಕೂತವರ ಮಕ್ಕಳು.

ಪ್ರತಿ ವಾರ್ಡಿನ ದೊಡ್ಡ ಚರಂಡಿಯ ಬಾಯಲ್ಲಿ ತೆಂಗಿನಕಾಯಿ ಗಾತ್ರದ ಯಂತ್ರವೊಂದು ಇರುತ್ತಿತ್ತು. ಅದಕ್ಕೆ ಮೂಗು ಎಂದು ಹೆಸರು. ಮನುಷ್ಯ ತಿಂದದ್ದು, ಕುಡಿದದ್ದು, ಕಡೆಗೆ ಚರಂಡಿಗೇ ಬರಬೇಕಲ್ಲ. ರವೆಯ ಲವಲೇಶ ಬಂದರೂ ಮೂಗು ಹಿಡಿಯುತ್ತಿತ್ತು. ಅಂಕಿ ಮಿತಿ ಮೀರಿದರೆ ಆ ವಾರ್ಡಿನಲ್ಲಿ ಭೋಂಗಾ ಊದುತ್ತಿತ್ತು, ಹಿಂದೆ ಗಿರಣಿಗಳಲ್ಲಿ ಪಾಳಿಗೆ ಊದುತ್ತಿದ್ದ ಹಾಗೆ. ಸಂತೆಯ ಬಿಡಿ ಗುಳಿಗೆಗಳಲ್ಲೂ ರವೆ ಬೆರೆತಿರುತ್ತಿದ್ದುದರಿಂದ ಜನ ಕೈಯಲ್ಲಿದ್ದ ಗುಳಿಗೆ ಕೆಳಗಿಡುತ್ತಿದ್ದರು. ಉಸಿರು ಮರಳಿಸುವ ಔಷಧ ಹೊತ್ತ ಗಾಡಿಗಳು ಓಣಿ ಓಣಿಗೆ ಹೋಗುತ್ತಿದ್ದವು. ಮೊದಲ ಎರಡು ವರ್ಷದಲ್ಲಿ ಭೋಂಗಾದ ದೆಸೆಯಿಂದ ನಾನೂರು ಜೀವ ಉಳಿದವೆಂದು ಕೇಂದ್ರದ ಗೋಡೆಯ ಮೇಲೆ ಬರೆದಿತ್ತು.

ಆದರೆ ಮೂಗಿಗೆ ಏನೂ ಇಲ್ಲದ ನೀರು ಯಾವುದೆಂದು ಮೊದಲು ತೋರಿಸಿಕೊಡಬೇಕು. ಅಂಗಡಿಯವನು ಎಣ್ಣೆ ಅಳೆಯುವ ಮೊದಲು ಬರಿಯ ಪಾತ್ರೆಯ ತೂಕ ಕಳೆಯುತ್ತಾನಲ್ಲ, ಹಾಗೆ. ಬಟ್ಟಿ ಇಳಿಸಿದ ನೀರು ಅದಕ್ಕೆ ನಡೆಯದು. ಊರಿನ ಚರಂಡಿಯಲ್ಲಿ ಸೋಪು, ಅರಿಶಿನ, ಪಾತ್ರೆ ತೊಳೆದ ಬೂದಿ, ಎಂಟು ದಿನ ತೊಟ್ಟಿಯಲ್ಲಿ ನಿಂತ ನೀರಿನ ಪಾಚಿ ಎಲ್ಲವೂ ಇರುತ್ತವೆ, ವಾರ ವಾರಕ್ಕೆ ಬದಲಾಗುತ್ತವೆ. ಆದ್ದರಿಂದ ರವೆಯ ಸುಳಿವೇ ಇಲ್ಲವೆಂದು ಖಾತ್ರಿಯಿರುವ, ಜನ ಬಾಳುವ ಮನೆಯೊಂದರ ಚರಂಡಿ ನೀರು ಬೇಕು. ಅದನ್ನು ಕೇಂದ್ರದ ಯಂತ್ರಕ್ಕೆ ಸುರಿದರೆ ಊರಿನ ಎಲ್ಲ ಮೂಗುಗಳೂ ಅದನ್ನೇ ಸೊನ್ನೆಯೆಂದು ಹಿಡಿಯುತ್ತಿದ್ದವು. ಮೂವರು ನೌಕರರ ಮನೆಯಿಂದ ಸರದಿಯಲ್ಲಿ ತರಬೇಕೆಂದು ನಿಯಮವಿತ್ತು. ಒಬ್ಬರಿಗೆ ಬೆಳಗಾವಿಗೆ ವರ್ಗವಾಯಿತು. ಇನ್ನೊಬ್ಬರು ಹೇಸಿಕೊಂಡು ಬಿಟ್ಟರು. ಕಸ್ತೂರಿ ಮಾತ್ರ ಒಂದು ಸೋಮವಾರವೂ ತಪ್ಪಿಸಲಿಲ್ಲ. ಮೇಲಧಿಕಾರಿ ದಳವಾಯಿಯವರು ಬಂದವರಿಗೆಲ್ಲ, ಇಡೀ ಊರಿನ ಸೊನ್ನೆ ಈ ಕಸ್ತೂರಿಬಾಯಿಯವರ ಹಿತ್ತಲಲ್ಲಿದೆ ಎಂದು ಪರಿಚಯಿಸುತ್ತಿದ್ದರು. ಕೇಳಿದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಒಳಗೆ ಸಣ್ಣದೊಂದು ಹೆಮ್ಮೆಯೂ ಇರುತ್ತಿತ್ತು. ನಲವತ್ತೆಂಟು ವರ್ಷ ಯಾರಿಗೂ ತ್ರಾಸು ಕೊಡದೆ, ತನಗೆ ಮದುವೆ ಬೇಡವೆಂದು ಹೇಳುವಾಗಲೂ ದನಿ ಎತ್ತದೆ, ಇದ್ದೂ ಇಲ್ಲದ ಹಾಗೆ ಬಾಳಿದ್ದಕ್ಕೆ ಊರು ಕೊಟ್ಟ ಮರ್ಯಾದೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಮನೆಯಲ್ಲಿ ಮೂವರು. ಅವ್ವ ಶಿವಲೀಲಾ, ಮೂವತ್ತೈದು ವರ್ಷ ನರ್ಸ್ ಆಗಿ ದುಡಿದವಳು. ತಂಗಿ ಪ್ರಮೀಳಾ, ಗಂಡನನ್ನು ಬಿಟ್ಟು ಬಂದು ಹತ್ತು ವರ್ಷ, ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಅವ್ವನಿಗೆ ಎದೆಯಲ್ಲಿ ಹುಟ್ಟಿದ ಗಂಟು ಬೆನ್ನೆಲುಬಿಗೆ ಇಳಿದಿತ್ತು. ಮೊದಲಾದರೆ ಇಂಥ ನೋವಿಗೆ ತೋಳಿಗೆ ಅಂಟಿಸುವ ಔಷಧದ ಪಟ್ಟಿ ಸಿಗುತ್ತಿತ್ತು. ಅದರ ಔಷಧವೂ ರವೆಯ ಕುಲದ್ದೇ ಆದ್ದರಿಂದ ಕಾಯ್ದೆ ಬಂದ ತಿಂಗಳೇ ಮಾಯವಾಯಿತು. ಭದ್ರತಾ ಸಮಿತಿಗೆ ಅರ್ಜಿ ಹಾಕಬೇಕು, ತೊಂಬತ್ತು ದಿನದೊಳಗೆ ಉತ್ತರ. ಕಸ್ತೂರಿ ಮೂರು ಸಲ ಹಾಕಿದ್ದಳು. ಮೂರು ಸಲವೂ ಪರಿಶೀಲನೆಯಲ್ಲಿದೆ ಎಂದೇ ಉತ್ತರ ಬಂದಿತ್ತು. ಆಫೀಸಿನಿಂದ ಮನೆಗೆ ಬಂದರೆ ಅವ್ವ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಆ ಸೆರಗೆಲ್ಲ ತೂತು.

ಶ್ರಾವಣದ ಒಂದು ವಾರ ಎರಡು ಸಂತೋಷ ಒಟ್ಟಿಗೆ ಬಂದವು. ಅವ್ವ ಎದ್ದು ದಿಂಬಿಗೆ ಒರಗಿ ಕೂತು, ಎಣ್ಣೆಗಾಯಿ ಮಾಡು, ಒಂದು ಕಾಲು ರೊಟ್ಟಿ ತಿಂತೀನಿ ಎಂದಳು. ಯಾರೋ ವೈದ್ಯರ ಕಷಾಯ ಹಿಡಿಸಿತು ಎಂದು ಪ್ರಮೀಳಾ ಹೇಳಿದಳು. ಕಸ್ತೂರಿ ಕಷಾಯದ ಹೆಸರನ್ನೂ ಕೇಳಲಿಲ್ಲ, ಮಠಕ್ಕೆ ಹೋಗಿ ಕಾಯಿ ಒಡೆಸಿ ಬಂದಳು. ಅದೇ ವಾರ ಕೇಂದ್ರದ ಪರದೆಯ ಮೇಲೆ ಊರಿನ ಅಂಕಿಗಳು ಇಳಿಯತೊಡಗಿದವು. ಒಂದೊಂದೇ ವಾರ್ಡು ಕೆಂಪಿನಿಂದ ಹಸಿರಾಯಿತು. ನಾಲ್ಕು ತಿಂಗಳು ಭೋಂಗಾ ಊದಲಿಲ್ಲ. ದಳವಾಯಿಯವರಿಗೆ ಬೆಂಗಳೂರಿನಲ್ಲಿ ಶಾಲು ಹೊದಿಸಿದರು, ಅವರು ಕೇಂದ್ರಕ್ಕೆಲ್ಲ ಪೇಢೆ ಹಂಚಿದರು. ಕಸ್ತೂರಿ ತನ್ನ ಪಾಲಿನ ಪೇಢೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ಅವ್ವನ ಬಾಯಿಗೆ ಇಟ್ಟಳು.

ಕಾರ್ತಿಕದಲ್ಲಿ ಹುಲಿಗೆಪ್ಪನ ಮಗಳು ತೀರಿಕೊಂಡಳು.

ಹುಲಿಗೆಪ್ಪ ಕೇಂದ್ರದ ಹಳೆಯ ಆಳು. ವಾರ್ಡು ವಾರ್ಡಿಗೆ ಹೋಗಿ ಚರಂಡಿಯ ಮುಚ್ಚಳ ಎತ್ತಿ ಬಾಟಲಿ ತುಂಬಿ ತರುವವನು. ಮೂಗಿಗೆ ನೆಗಡಿಯಾದರೆ ನನ್ನ ಮೂಗು ಐತಿ ಬಿಡ್ರಿ ಎಂದು ನಗಿಸುವವನು. ಅವನ ಮಗಳು ರೇಣುಕಾ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಲ್ಲುನೋವೆಂದು ಸಂಜೆ ಸಂತೆಯಲ್ಲಿ ಬಿಡಿ ಗುಳಿಗೆ ಕೊಂಡು ನುಂಗಿದ್ದಳು. ಗುಳಿಗೆಯಲ್ಲಿ ರವೆಯಿತ್ತು. ಅವರಿದ್ದ ಮೂವತ್ತೊಂದನೆಯ ವಾರ್ಡಿನಲ್ಲಿ ಅದೇ ಗುಳಿಗೆಯಿಂದ ಆ ವಾರ ಮೂವರು ಹೋದರು. ಮೂಗು ಮಾತ್ರ ಅಲ್ಲಿ ಸೊನ್ನೆ ಎಂದೇ ತೋರಿಸುತ್ತಿತ್ತು.

ಹದಿಮೂರು ದಿನಕ್ಕೆ ಹುಲಿಗೆಪ್ಪ ಕೆಲಸಕ್ಕೆ ಬಂದ. ಬಾಟಲಿಗಳ ಪೆಟ್ಟಿಗೆ ಇಳಿಸಿ ಕಸ್ತೂರಿಯ ಮೇಜಿನ ಮುಂದೆ ನಿಂತ.

"ಅಕ್ಕಾರ, ಆ ವಾರದ ಬಾಟ್ಲಿ ನಾನ ತುಂಬಿದ್ದೆ. ನಮ್ಮ ಓಣೀದು. ಭೋಂಗಾ ಯಾಕ ಊದಲಿಲ್ಲರಿ?"

ನೋಡುತ್ತೇನೆ ಎಂದಳು.

ಮರುಪರೀಕ್ಷೆ ಬೇಕಾದೀತೆಂದು ಬಾಟಲಿಗಳನ್ನು ನಲವತ್ತು ದಿನ ತಣ್ಣಗಿಟ್ಟಿರುತ್ತಿದ್ದರು. ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಅವಳು ಮೂವತ್ತೊಂದರ ಬಾಟಲಿಯನ್ನು ಹೊರತೆಗೆದು, ಮೂಲೆಯಲ್ಲಿ ಹೊದಿಕೆ ಹಾಕಿಟ್ಟಿದ್ದ ಹಳೆಯ ಯಂತ್ರಕ್ಕೆ ಹಾಕಿದಳು. ಅದು ನಿಧಾನದ್ದು, ಆದರೆ ಯಾರ ಸೊನ್ನೆಯನ್ನೂ ಕೇಳದೆ ನೀರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವಂಥದ್ದು. ಅಂಕಿ ಮಿತಿಯ ಆರು ಪಟ್ಟು ಬಂತು. ಹಾಗಾದರೆ ಮೂಗು ಅದರಲ್ಲಿ ಕಳೆದದ್ದು ಏನು? ಅದೇ ವಾರದ ಸೊನ್ನೆ ನೀರಿನ ಬಾಟಲಿ ಪಕ್ಕದಲ್ಲೇ ಇತ್ತು, ಮೇಲೆ ತನ್ನದೇ ಅಕ್ಷರ. ಅದನ್ನೂ ಹಾಕಿದಳು. ಏಳು ಪಟ್ಟು.

ಬಾಟಲಿ ಅದಲುಬದಲಾಗಿರಬೇಕು ಎಂದುಕೊಂಡು ಹಿಂದಿನ ಸೋಮವಾರದ್ದನ್ನು ಹಾಕಿದಳು. ಅದರ ಹಿಂದಿನದನ್ನು ಹಾಕಿದಳು. ಹಿಂದೆ ಹೋದಷ್ಟೂ ಅಂಕಿ ತುಸು ತುಸುವೇ ಇಳಿಯುತ್ತಿತ್ತು. ಹುಷಾರಾಗಿ ಏರಿಸುತ್ತ ಬಂದ ಕೈಯೊಂದರ ಗುರುತು ಅದು. ಔಷಧದ ಪ್ರಮಾಣ ಹೆಚ್ಚಿಸುವುದನ್ನು ಬಲ್ಲ ಕೈ. ನಾಲ್ಕು ತಿಂಗಳಿಂದ ಅವಳು ತನ್ನ ಮನೆಯ ರವೆಯನ್ನು ತಂದು ಯಂತ್ರಕ್ಕೆ ಇದೇ ಸೊನ್ನೆ ಎಂದು ಹೇಳಿಕೊಡುತ್ತಿದ್ದಳು, ಯಂತ್ರ ಇಡೀ ಊರಿನ ರವೆಯಲ್ಲಿ ಅಷ್ಟನ್ನು ಕಳೆದು ಹಸಿರು ತೋರಿಸುತ್ತಿತ್ತು. ಸೊನ್ನೆ ಒಮ್ಮೆಲೇ ಬದಲಾದರೆ ಕಾರಣ ಕೇಳುವ ಯಂತ್ರ, ಸಾವಕಾಶವಾಗಿ ಬದಲಾದರೆ ಸೋಪು ಬದಲಾಯಿತೆಂದು ಸುಮ್ಮನಾಗುತ್ತಿತ್ತು.

ಮನೆಗೆ ಬಂದಾಗ ಪ್ರಮೀಳಾ ಬ್ಲೌಸಿನ ಗುಂಡಿಗೆ ಕಾಜು ಹಾಕುತ್ತ ಕೂತಿದ್ದಳು. ಕಸ್ತೂರಿ ಚಪ್ಪಲಿ ಕೂಡ ಬಿಡದೆ, ಕಷಾಯದ ಬಾಟಲಿ ಎಲ್ಲಿ ಎಂದು ಕೇಳಿದಳು. ತಂಗಿ ತಲೆ ಎತ್ತಿ ನೋಡಿದಳು. ಅಷ್ಟರಲ್ಲೇ ಇಬ್ಬರಿಗೂ ಎಲ್ಲ ತಿಳಿದುಹೋಯಿತು.

ಬ್ಲೌಸ್ ಹೊಲಿಸಲು ಬರುವ ಹೆಂಗಸೊಬ್ಬಳ ಕಡೆಯಿಂದ ಪೊಟ್ಟಣ ಬರುತ್ತಿತ್ತಂತೆ. ಅದನ್ನು ನೀರಿಗೆ ಬೆರೆಸಿ, ತೆಳ್ಳಗೆ ಮಾಡಿ, ಹನಿ ಎಣಿಸಿ ಕೊಡುವುದನ್ನು ಅವ್ವನೇ ಹೇಳಿಕೊಟ್ಟಳಂತೆ. ಕಸ್ತೂರಿ ಕಾಯ್ದೆಯ ಮಾತು ತೆಗೆದಳು, ಹುಲಿಗೆಪ್ಪನ ಮಗಳ ಮಾತು ತೆಗೆದಳು. ಪ್ರಮೀಳಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಮುಂಜಾನೆ ಒಂಬತ್ತಕ್ಕ ನೀ ಡಬ್ಬಿ ಕಟಗೊಂಡು ಹೋಗ್ತಿ, ಅಕ್ಕ. ಆಮ್ಯಾಲೆ ಮನ್ಯಾಗ ಆಕಿ ಒದರೂದು ಕೇಳಾಕ ನಾ ಒಬ್ಬಾಕಿ ಇರ್ತಿದ್ದೆ. ಮಷಿನ್ ಜೋರ್ ತುಳದ್ರ ಕೇಳಸೂದಿಲ್ಲಂತ ಬರೇ ಮಷಿನ್ ತುಳದೀನಿ, ಬಟ್ಟಿ ಇಲ್ಲದ. ನಿನ್ನ ಕಾಯ್ದೆ ಒಂದ ದಿನ ರಜಾ ಹಾಕಿ ಇಲ್ಲಿ ಕುಂದ್ರಬೇಕಿತ್ತು."

ಕಸ್ತೂರಿ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಒಳಗೆ ಅವ್ವ ನಿದ್ದೆ ಮಾಡುತ್ತಿದ್ದಳು. ಹಣೆಯಲ್ಲಿ ಒಂದು ಗೆರೆಯೂ ಇರಲಿಲ್ಲ, ಎಂದೋ ನೋಡಿ ಮರೆತ ಮುಖ ಅದು. ಸೊನ್ನೆಯ ಮನೆ ಬದಲಿಸಿ ಎಂದರೆ ಭದ್ರತಾ ದಳ ಅಂದೇ ಹಳೆಯ ಮನೆಯ ಚರಂಡಿ ಪರೀಕ್ಷೆಗೆ ಬರುತ್ತದೆ. ತಂಗಿ ಜೈಲಿಗೆ, ಅವ್ವ ಕಾವಲಿರುವ ವಾರ್ಡಿಗೆ, ಒಂದು ಹನಿಯೂ ಇಲ್ಲದೆ. ಸುಮ್ಮನಿದ್ದರೆ ಊರಿನ ಮೂಗು ಕಟ್ಟಿಯೇ ಇರುತ್ತದೆ. ನಾಲ್ಕು ದಿನ ಕಸ್ತೂರಿ ಇದನ್ನು ಅತ್ತಿತ್ತ ತೂಗಿದಳು. ಸೋಮವಾರ ಬಂತು. ಹಿತ್ತಲಿಗೆ ಹೋದಳು, ಚರಂಡಿಯ ಹಾಸುಗಲ್ಲು ಸರಿಸಿದಳು, ಬಾಟಲಿ ತುಂಬಿದಳು. ಯಾವತ್ತಿನಂತೆ ಯಂತ್ರಕ್ಕೆ ಸುರಿದಳು.

ಮರುದಿನದ ಪತ್ರಿಕೆಯಲ್ಲಿ ಮತ್ತಿಬ್ಬರ ಸುದ್ದಿ ಇತ್ತು. ಗಂಡ ಹೆಂಡತಿ, ಹೊಸದಾಗಿ ಮದುವೆಯಾದವರು, ಇಬ್ಬರೂ ಮೈಕೈ ನೋವಿನ ಜ್ವರಕ್ಕೆ ಸಂತೆಯ ಗುಳಿಗೆ ನುಂಗಿದ್ದರು. ಅವ್ವ ಕನ್ನಡಕ ಏರಿಸಿಕೊಂಡು ಓದುತ್ತಿದ್ದಳು.

"ಭೋಂಗಾ ಊದೂದು ಬಿಟ್ಟು ಭಾಳ ದಿನಾತಲ್ಲ ಕಸ್ತೂರಿ," ಎಂದಳು. "ಮಂದಿ ಹೋಗೂದು ಬಿಟ್ಟಿಲ್ಲ."

ಕಸ್ತೂರಿ ಹೇಳಬಾರದೆಂದೇ ಇದ್ದಳು. ಆದರೆ ಅವ್ವ ನರ್ಸ್ ಆಗಿದ್ದವಳು, ಸುಳ್ಳು ಹೇಳುವ ರೋಗಿಯನ್ನು ನೋಡುವ ಹಾಗೆ ಕನ್ನಡಕದ ಮೇಲಿಂದ ನೋಡುತ್ತ ಕಾದಳು. ಕಸ್ತೂರಿ ಮಂಚದ ತುದಿಗೆ ಕೂತು, ಸೊನ್ನೆಯಿಂದ ಹಿಡಿದು ರೇಣುಕಾಳವರೆಗೆ ಎಲ್ಲ ಹೇಳಿದಳು. ಅವ್ವ ನಡುವೆ ಒಂದೇ ಮಾತು ಕೇಳಿದ್ದು, ಆ ಹುಡುಗಿಗೆ ವಯಸ್ಸೆಷ್ಟು ಎಂದು. ಇಪ್ಪತ್ತೆರಡು. ಆಮೇಲೆ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಕೆಳಗೆ ಇಟ್ಟುಕೊಂಡಳು.

ಅಂದು ಸಂಜೆಯ ಹನಿಯನ್ನು ಅವ್ವ ತೆಗೆದುಕೊಳ್ಳಲಿಲ್ಲ. ಪ್ರಮೀಳಾ ಅತ್ತಳು, ಬೈದಳು, ಅಕ್ಕನ ಮೇಲೆ ಹರಿಹಾಯ್ದಳು. ನೋವು ಎರಡನೆಯ ದಿನಕ್ಕೆ ತಿರುಗಿ ಬಂತು, ಈ ಸಲ ಬಿಟ್ಟಿದ್ದ ದಿನಗಳ ಬಡ್ಡಿಯನ್ನೂ ತಂದಿತ್ತು. ಮೈ ನಡುಗಿತು, ಕುಡಿದ ಗಂಜಿ ನಿಲ್ಲಲಿಲ್ಲ. ಕಸ್ತೂರಿ ಕೆಲಸಕ್ಕೆ ಸೇರಿದಂದಿನಿಂದ ಮೊದಲ ಬಾರಿಗೆ ರಜೆ ಹಾಕಿ ಮಂಚದ ಪಕ್ಕದಲ್ಲಿ ಕೂತಳು. ಒಂದು ಇಡೀ ಹಗಲು ಆ ಕೂಗು ಕೇಳಿಸಿಕೊಂಡಳು. ನಾಲ್ಕನೆಯ ದಿನ ಮಧ್ಯಾಹ್ನ ಎದ್ದು ಅಡಿಗೆಮನೆಗೆ ಹೋಗಿ ಬಾಟಲಿ ತಂದಳು. ಕಾಯ್ದೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದ್ದ ಅದೇ ಬಲಗೈಯಲ್ಲಿ ಹನಿಗೊಳವೆ ಹಿಡಿದು ಅವ್ವನ ತುಟಿಗೆ ತಂದಳು.

"ಬಾಯಿ ತೆಗಿ, ಅವ್ವ. ಊರಿನ ಮಂದೀದು ಊರು ನೋಡಿಕೊಳ್ಳಲಿ."

ಅವ್ವ ಹಲ್ಲು ಕಚ್ಚಿದಳು. ಹನಿ ಗಲ್ಲದ ಮೇಲೆ ಇಳಿದು ದಿಂಬಿಗೆ ಇಂಗಿತು. ತುಸು ಹೊತ್ತಿಗೆ, ನೋವಿನ ಎರಡು ಅಲೆಗಳ ನಡುವೆ, ಕಸ್ತೂರಿಯ ಮುಂಗೈ ಹಿಡಿದುಕೊಂಡಳು.

"ಎಷ್ಟ ಮಂದಿಗೆ ಇಂಜೆಕ್ಷನ್ ಮಾಡೀನಿ ನಾ. ಒಬ್ಬರದ ತೆಗದು ಇನ್ನೊಬ್ಬರಿಗೆ ಕೊಟ್ಟಿಲ್ಲ, ಮಗಳ. ಈಗೂ ಬ್ಯಾಡ."

ಶನಿವಾರ ಬೆಳಗಿನ ಜಾವ ತೀರಿಕೊಂಡಳು. ತೂತುಬಿದ್ದ ಆ ಸೆರಗು ಬಾಯಲ್ಲೇ ಇತ್ತು, ಪ್ರಮೀಳಾ ಮೆಲ್ಲಗೆ ಬಿಡಿಸಿ ತೆಗೆದಳು. ಉಳಿದಿದ್ದ ಬಾಟಲಿಯ ನೀರನ್ನು ಚರಂಡಿಗೆ ಚೆಲ್ಲಲಾರದೆ ಇಬ್ಬರೂ ಅದನ್ನು ಒಲೆಯ ಮೇಲಿಟ್ಟು ಇಂಗಿಸಿ, ತಳದಲ್ಲಿ ಉಳಿದದ್ದನ್ನು ಒರೆಸಿದ ಬಟ್ಟೆಯನ್ನು ಅವ್ವನ ಹಾಸಿಗೆಯ ಜೊತೆ ಸುಟ್ಟರು. ಲಿಂಗವಂತರಾದ ತಮ್ಮ ಮನೆಯಲ್ಲಿ ಸೂತಕವೆಂಬುದು ಇಲ್ಲವಾದ್ದರಿಂದ ಸೋಮವಾರ ಕಸ್ತೂರಿ ಕೆಲಸಕ್ಕೆ ಹೊರಟಳು. ಪ್ರಮೀಳಾ ಬಾಗಿಲಲ್ಲಿ ನಿಂತು, ಸೊನ್ನಿ ತುಂಬಿಕೊಂಡಿಯೇನು ಎಂದು ಕೇಳಿದಳು. ಅದು ಚುಚ್ಚುಮಾತೋ ನೆನಪಿಸಿದ್ದೋ ಕಸ್ತೂರಿಗೆ ತಿಳಿಯಲಿಲ್ಲ. ಬಹುಶಃ ತಂಗಿಗೂ ತಿಳಿದಿರಲಿಲ್ಲ.

ನೀರು ಸುರಿದೊಡನೆ ಯಂತ್ರ ನಿಂತಿತು. ಸೊನ್ನೆ ಒಮ್ಮೆಲೇ ಕುಸಿದಿದೆ, ಕಾರಣ ನಮೂದಿಸಿ ಎಂದಿತು. ಕೆಳಗೆ ಸಾಲಾಗಿ ಕಾರಣಗಳಿದ್ದವು, ಸಾಬೂನು, ನೀರಿನ ಮೂಲ, ಮನೆಯ ದುರಸ್ತಿ. ಕಡೆಯದು ಮನೆಯ ಸದಸ್ಯರ ಸಂಖ್ಯೆ. ಅವಳು ಅದನ್ನು ಒತ್ತಿದಳು. ಮೊದಲು ಎಷ್ಟು ಎಂದು ಕೇಳಿತು. ಮೂರು. ಈಗ? ಎರಡು. ಯಂತ್ರ ಒಪ್ಪಿಕೊಂಡಿತು.

ಆಮೇಲೆ ಭೋಂಗಾ ಊದಿತು. ಒಂದು ವಾರ್ಡಿನಲ್ಲಿ ಊದಿ ಮುಗಿಯುವ ಮೊದಲೇ ಇನ್ನೊಂದರಲ್ಲಿ. ಮಧ್ಯಾಹ್ನದೊಳಗೆ ಹದಿನಾಲ್ಕು ವಾರ್ಡುಗಳು ಕೆಂಪಾದವು. ದಳವಾಯಿಯವರು ಫೋನಿನ ಮೇಲೆ ಫೋನು ಹಿಡಿದು, ಒಂದೇ ದಿನದಲ್ಲಿ ಶತ್ರು ಇಷ್ಟು ಸರಕು ಹೇಗೆ ಇಳಿಸಿದ ಎಂದು ಮೇಲಿನವರಿಗೆ ವಿವರಿಸುತ್ತಿದ್ದರು. ಸಂಜೆಗೆ ಗಾಡಿಗಳು ಏಳು ಜನರನ್ನು ಉಳಿಸಿ ತಂದ ಸುದ್ದಿ ಬಂತು. ಏಳು ಎಂದು ಕಸ್ತೂರಿ ಕಾಗದದ ಮೇಲೆ ಬರೆದಳು. ಬರೆದು ಏನು ಮಾಡಬೇಕೆಂದು ತೋಚದೆ ಹರಿದು ಹಾಕಿದಳು.

ಹುಲಿಗೆಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಭೋಂಗಾ ಕೇಳುತ್ತಿದ್ದ. ಅವಳು ಹೋಗಿ ಅವನ ಪಕ್ಕದಲ್ಲಿ ಕೂತಳು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವನೊಂದು ಮಾತು ಮೇಲೆ ಹೋಗಿ ಹೇಳಿದರೆ ಪ್ರಮೀಳಾ ಮತ್ತು ತಾನು ಇಬ್ಬರೂ ಶತ್ರುವಿನ ಕಡೆಯವರು. ಆದರೂ ಅವನು ಒಂದು ಪ್ರಶ್ನೆ ಕೇಳಿದ್ದ, ನೋಡುತ್ತೇನೆ ಎಂದು ಅವಳು ಮಾತು ಕೊಟ್ಟಿದ್ದಳು. ಎಲ್ಲ ಹೇಳಿದಳು. ಗೊತ್ತಾದ ಮೇಲೂ ಒಂದು ಸೋಮವಾರ ಅದೇ ನೀರು ಸುರಿದದ್ದನ್ನೂ ಮುಚ್ಚಿಡಲಿಲ್ಲ.

ಅವನು ಅಂಗೈಯ ಗಟ್ಟಿ ಚರ್ಮವನ್ನು ಉಜ್ಜಿಕೊಂಡ.

"ನಿಮ್ಮವ್ವಾರಿಗೆ ನೋವು ಕಡಿಮಿ ಆಗಿತ್ತೇನ್ರಿ ಅದರಿಂದ?"

"ಆಗಿತ್ತು. ನಾಕ ತಿಂಗಳ."

"ನಮ್ಮ ರೇಣವ್ವಗೂ ಹಲ್ಲುಬ್ಯಾನಿ ಅಷ್ಟ ಇತ್ತರಿ," ಎಂದ. ಎದ್ದು ಪೆಟ್ಟಿಗೆ ಹೆಗಲಿಗೇರಿಸಿಕೊಂಡು, ಅವಳತ್ತ ನೋಡದೆ ಹೋದ.

ಆ ವಾರವೆಲ್ಲ ಅವನು ಕೆಲಸಕ್ಕೆ ಬರಲಿಲ್ಲ. ಕಸ್ತೂರಿ ಎರಡು ಸೀರೆ, ಅವ್ವನ ಕನ್ನಡಕ ಒಂದು ಚೀಲದಲ್ಲಿ ಹಾಕಿ ಬಾಗಿಲ ಹಿಂದೆ ಇಟ್ಟಳು. ಪ್ರಮೀಳಾ ನೋಡಿದಳು, ತನ್ನದೊಂದು ಸೀರೆಯನ್ನೂ ಅದರೊಳಗೆ ಹಾಕಿದಳು. ಕಷಾಯದ ಜಗಳವಾದ ಮೇಲೆ ಅಕ್ಕತಂಗಿ ಒಂದೇ ತಾಟಿನಲ್ಲಿ ಉಂಡದ್ದು ಅಂದೇ. ಪರಿಶೀಲನೆಯಲ್ಲಿದ್ದ ಮೂರನೆಯ ಅರ್ಜಿಗೆ ಕಡೆಯ ಉತ್ತರವೂ ಆ ವಾರ ಬಂತು. ಅವ್ವನ ನೋವಿನ ಪಟ್ಟಿಗೆ ಮಂಜೂರಾತಿ ಸಿಕ್ಕಿತ್ತು, ಒಂದು ತಿಂಗಳ ಮಟ್ಟಿಗೆ.

ಮುಂದಿನ ಸೋಮವಾರ ಅವಳು ಹಿತ್ತಲಿಗೆ ಹೋಗಲಿಲ್ಲ. ಬರಿಗೈಯಲ್ಲಿ ಬಂದು ಯಂತ್ರದ ಮುಂದೆ ಕೂತಳು. ಯಾರು ಬಂದರೂ ಎದ್ದು ನಿಲ್ಲಬೇಕೆಂದುಕೊಂಡಿದ್ದಳು. ಹತ್ತು ಗಂಟೆಗೆ ಬಾಗಿಲು ತೆರೆಯಿತು. ಹುಲಿಗೆಪ್ಪ ಒಬ್ಬನೇ ಇದ್ದ. ಕೈಯಲ್ಲಿ ಒಂದು ಬಾಟಲಿ, ಅದಕ್ಕೆ ತೇವದ ಬಟ್ಟೆ ಸುತ್ತಿತ್ತು. ತಂದು ಅವಳ ಮುಂದೆ ಇಟ್ಟ.

"ನಮ್ಮ ಮನೀದರಿ. ಇನ್ನ ಮ್ಯಾಲ ಸೊನ್ನಿ ನಮ್ಮಲ್ಲಿಂದ ಬರಲಿ. ಈಗ ಅಲ್ಲಿ ಏನೂ ಇಲ್ಲ."

ಮನೆ ಬದಲಾದರೆ ಭದ್ರತಾ ದಳದವರು ಅಂದೇ ಅವಳ ಹಿತ್ತಲಿಗೆ ಬರುತ್ತಾರೆ. ಬರಲಿ. ಅಲ್ಲಿಯೂ ಈಗ ಏನೂ ಇರಲಿಲ್ಲ. ಅವಳು ಬಟ್ಟೆ ಬಿಚ್ಚಿ ನೀರನ್ನು ಯಂತ್ರಕ್ಕೆ ಸುರಿದಳು. ಯಂತ್ರ ಹೊಸ ಮನೆಯ ವಿವರ ಕೇಳಿತು, ವಾರ್ಡು, ಓಣಿ, ಯಜಮಾನನ ಹೆಸರು. ಒಂದೊಂದೇ ತುಂಬಿಸುತ್ತ ಬಂದವಳ ಬೆರಳು ಕಡೆಯ ಪ್ರಶ್ನೆಗೆ, ಮನೆಯ ಸದಸ್ಯರ ಸಂಖ್ಯೆಗೆ, ನಿಂತಿತು. ಹುಲಿಗೆಪ್ಪ ಅವಳ ಹೆಗಲ ಮೇಲಿಂದ ಪರದೆಯನ್ನು ಓದಿಕೊಂಡ.

"ನಾಕ ಇತ್ತರಿ," ಎಂದ. "ಮೂರು ಅಂತ ಬರೀರಿ."